ಹೆಚ್ಚು ಓಡಿದಷ್ಟೂ ಹೆಚ್ಚು ಗಟ್ಟಿಯಾಗುತ್ತೇವೆಯೇ?

"ಎತ್ತಿಗೂ ಸೋಮವಾರ ಸೂಟಿ ಐತಿ. ನಿನಗ್ಯಾಕ ಇಲ್ಲಪಾ?"

ತಿರ್ಲಾಪುರದ ಅಜ್ಜನೊಬ್ಬರು ತಮ್ಮ ಮೊಮ್ಮಗನನ್ನು ಕೇಳಿದ ಪ್ರಶ್ನೆ ಇದು. ಆ ಮೊಮ್ಮಗ ನಮ್ಮ ಗೆಳೆಯ. ನವಲಗುಂದ ತಾಲ್ಲೂಕಿನ ಆ ಊರಿನಿಂದ ದಿನವೂ ಹುಬ್ಬಳ್ಳಿಗೆ ಕೆಲಸಕ್ಕೆ ಹೋಗಿಬರುತ್ತಾನೆ, ಸುಗ್ಗಿ ಬಂದರೆ ಹೊಲಕ್ಕೂ ಇಳಿಯುತ್ತಾನೆ. ಇವೆರಡರ ನಡುವೆ ಅವನಿಗೊಂದು ಹುಚ್ಚು: ಟ್ರಯಾಥ್ಲಾನ್. ಗೋವಾದಲ್ಲಿ ನಡೆಯುವ ಸ್ಪರ್ಧೆಯೊಂದಕ್ಕೆಂದು ಆರು ವಾರ, ಒಂದು ದಿನವೂ ಬಿಡದೆ, ತಯಾರಿ ನಡೆಸಿದ. ಏಳನೆಯ ವಾರ ಎಡಗಾಲು ಊರಲಾಗದಷ್ಟು ನೋಯತೊಡಗಿತು. ಪರೀಕ್ಷೆ ಮಾಡಿಸಿದಾಗ ತಿಳಿದದ್ದು, ಮೊಣಕಾಲ ಕೆಳಗಿನ ಮೂಳೆಯಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕು!

"ಒಂದು ದಿನಾನೂ ತಪ್ಪಿಸಿಲ್ಲ. ಆದ್ರೂ ಹಿಂಗ್ಯಾಕ ಆತು?" ಎಂದು ಅವನು ನಮ್ಮನ್ನು ಕೇಳಿದ.

ಧಾರವಾಡ ಕಡೆಯ ಹಲವು ಊರುಗಳಲ್ಲಿ ಸೋಮವಾರ ಬಸವಣ್ಣನ ದಿನ. ಅಂದು ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಅಜ್ಜ ಹೇಳಿದ್ದು ಆ ಪದ್ಧತಿಯ ಮಾತು. ಆದರೆ ಗೆಳೆಯನ ಪ್ರಶ್ನೆಗೆ ವಿಜ್ಞಾನದಲ್ಲಿ ಉತ್ತರ ಹುಡುಕಹೊರಟ ನಾವು ಬಂದು ನಿಂತದ್ದೂ ಅಲ್ಲಿಗೇ. ಅದು ಹೇಗೆ ಎಂದು ನೋಡೋಣ.

ಏನಿದು ಟ್ರಯಾಥ್ಲಾನ್?

ಈಜು, ಸೈಕಲ್ ಸವಾರಿ, ಓಟ. ಈ ಮೂರನ್ನೂ ಒಂದರ ಹಿಂದೊಂದರಂತೆ ಮುಗಿಸುವ ಸ್ಪರ್ಧೆಯೇ ಟ್ರಯಾಥ್ಲಾನ್. ನೀರಿನಿಂದ ಎದ್ದು ಸೈಕಲ್ ಹತ್ತುವ, ಸೈಕಲ್ ಇಳಿದು ಶೂ ಬದಲಿಸುವ ಹೊತ್ತಿನಲ್ಲೂ ಗಡಿಯಾರ ಓಡುತ್ತಲೇ ಇರುತ್ತದೆ.

ಇದರ ಹುಟ್ಟಿನ ಕಥೆ ಸ್ವಾರಸ್ಯಕರ. 1974ರ ಸೆಪ್ಟೆಂಬರ್ 25ರಂದು ಅಮೆರಿಕದ ಸ್ಯಾನ್ ಡಿಯಾಗೋ ನಗರದ ಓಟಗಾರರ ಕ್ಲಬ್ ಒಂದು, ಟ್ರ್ಯಾಕ್ ಮೇಲಿನ ಕಠಿಣ ತರಬೇತಿಗೆ ಬದಲಾವಣೆ ಇರಲೆಂದು ಈ ಮೂರನ್ನೂ ಸೇರಿಸಿ ಒಂದು ಸ್ಪರ್ಧೆ ನಡೆಸಿತು. ಭಾಗವಹಿಸಿದವರು 46 ಜನ. ಅಂದರೆ ಇಂದು ಕಬ್ಬಿಣದ ಮನುಷ್ಯರ ಆಟ ಎಂದು ಹೆಸರಾಗಿರುವ ಕ್ರೀಡೆ ಶುರುವಾದದ್ದು, ಒಂದೇ ಬಗೆಯ ದಣಿವಿನಿಂದ ದೇಹಕ್ಕೆ ಬಿಡುವು ಕೊಡಲು!

ಅಲ್ಲಿ ಓಡಿದ್ದವರಲ್ಲಿ ನೌಕಾಪಡೆಯ ಜಾನ್ ಕಾಲಿನ್ಸ್ ಕೂಡ ಒಬ್ಬರು. ಮುಂದೆ ಹವಾಯಿಯಲ್ಲಿದ್ದಾಗ ಅವರೂ ಅವರ ಪತ್ನಿ ಜೂಡಿಯೂ ಸೇರಿ, ಅಲ್ಲಿನ ಮೂರು ದೂರದ ಸ್ಪರ್ಧೆಗಳನ್ನು ಒಂದೇ ದಿನಕ್ಕೆ ಜೋಡಿಸಿದರು. 1978ರ ಫೆಬ್ರುವರಿ 18ರಂದು ನಡೆದ ಆ ಮೊದಲ ಐರನ್‌ಮ್ಯಾನ್‌ನಲ್ಲಿ ಹೊರಟವರು 15 ಜನ, ಮುಗಿಸಿದವರು 12. ಗೆದ್ದ ಗಾರ್ಡನ್ ಹಾಲರ್ ತೆಗೆದುಕೊಂಡ ಸಮಯ 11 ಗಂಟೆ 46 ನಿಮಿಷ 58 ಸೆಕೆಂಡ್. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಟ್ರಯಾಥ್ಲಾನ್ ಪದಕದ ಕ್ರೀಡೆಯಾಯಿತು.

ಇದರಲ್ಲಿ ಹಲವು ದೂರಗಳಿವೆ. ಒಲಿಂಪಿಕ್ಸ್‌ನಲ್ಲಿ 1.5 ಕಿ.ಮೀ. ಈಜು, 40 ಕಿ.ಮೀ. ಸೈಕಲ್, 10 ಕಿ.ಮೀ. ಓಟ. ಪೂರ್ಣ ಐರನ್‌ಮ್ಯಾನ್‌ನಲ್ಲಿ 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, 42.2 ಕಿ.ಮೀ. ಓಟ, ಒಟ್ಟು 226 ಕಿ.ಮೀ. ಅದರ ಅರ್ಧವೇ 70.3. ಈ ಸಂಖ್ಯೆ ಮೈಲಿಯ ಲೆಕ್ಕ, ನಮ್ಮ ಲೆಕ್ಕದಲ್ಲಿ 113 ಕಿ.ಮೀ. ಗೋವಾದಲ್ಲಿ 2019ರಲ್ಲಿ ಮೊದಲ ಬಾರಿಗೆ ನಡೆದದ್ದು ಈ ಅರ್ಧ ದೂರದ ಐರನ್‌ಮ್ಯಾನ್. ನಮ್ಮ ಗೆಳೆಯ ಕಣ್ಣಿಟ್ಟಿದ್ದೂ ಇಷ್ಟೇ ದೂರದ ಮೇಲೆ.

ಇದನ್ನೆಲ್ಲ ವೃತ್ತಿಪರ ಕ್ರೀಡಾಪಟುಗಳು ಮಾತ್ರ ಮಾಡುತ್ತಾರೆ ಎಂದುಕೊಳ್ಳಬೇಡಿ. ಭಾಗವಹಿಸುವವರಲ್ಲಿ ಹೆಚ್ಚಿನವರು ಹವ್ಯಾಸಿಗಳೇ. ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಇರುವುದು ನಮ್ಮ ಹುಬ್ಬಳ್ಳಿಯಲ್ಲಿ. ಅದೇ ರೈಲ್ವೆಯ ಲೆಕ್ಕಪತ್ರ ವಿಭಾಗದಲ್ಲಿ, ಬೆಂಗಳೂರಿನಲ್ಲಿ ಅಧಿಕಾರಿಯಾಗಿದ್ದ ಶ್ರೇಯಸ್ ಹೊಸೂರ್ 2022ರ ಜೂನ್ 5ರಂದು ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಪೂರ್ಣ ಐರನ್‌ಮ್ಯಾನ್ ಅನ್ನು 13 ಗಂಟೆ 26 ನಿಮಿಷಗಳಲ್ಲಿ ಮುಗಿಸಿದರು. ಅದಕ್ಕೂ ಮೊದಲು, 2009ರಲ್ಲಿ, ಬೆಂಗಳೂರಿನ ಅನು ವೈದ್ಯನಾಥನ್ ಕೆನಡಾದಲ್ಲಿ ಅಲ್ಟ್ರಾಮ್ಯಾನ್ ಮುಗಿಸಿದ್ದರು. ಅದು ಮೂರು ದಿನದ ಸ್ಪರ್ಧೆ: 10 ಕಿ.ಮೀ. ಈಜು, 420 ಕಿ.ಮೀ. ಸೈಕಲ್, 84 ಕಿ.ಮೀ. ಓಟ. ಅವರು ಎಂಜಿನಿಯರಿಂಗ್‌ನಲ್ಲಿ ಪಿಎಚ್.ಡಿ. ಮಾಡಿದವರು.

ಇಂತಹ ಸುದ್ದಿ ಓದಿದಾಗ ನಮಗೆ ಕಾಣುವುದು ಕೊನೆಯ ಗೆರೆ ದಾಟುವ ಫೋಟೋ. ಅದರ ಹಿಂದಿನ ತಿಂಗಳುಗಳಲ್ಲಿ ದಣಿವನ್ನೂ ವಿಶ್ರಾಂತಿಯನ್ನೂ ತೂಗಿಸಿದ ಲೆಕ್ಕ ಫೋಟೋದಲ್ಲಿ ಕಾಣುವುದಿಲ್ಲ.

ಗಟ್ಟಿಯಾಗುವುದು ಯಾವಾಗ?

ಓಡುವಾಗ ನಾವು ಗಟ್ಟಿಯಾಗುತ್ತೇವೆ ಎಂಬುದು ಸಾಮಾನ್ಯ ನಂಬಿಕೆ. ನಿಜ ಹೇಳಬೇಕೆಂದರೆ ಓಡುವಾಗ ನಾವು ದುರ್ಬಲರಾಗುತ್ತೇವೆ!

ಒಂದು ದೀರ್ಘ ಓಟ ಮುಗಿಸಿದ ಹೊತ್ತಿನಲ್ಲಿ ಸ್ನಾಯುವಿನ ಎಳೆಗಳಲ್ಲಿ ಅಲ್ಲಲ್ಲಿ ಸೂಕ್ಷ್ಮ ಹಾನಿಯಾಗಿರುತ್ತದೆ. ಸ್ನಾಯು ಮತ್ತು ಯಕೃತ್ತು ಕೂಡಿಟ್ಟುಕೊಂಡಿದ್ದ ಗ್ಲೈಕೋಜೆನ್ ಎಂಬ ಇಂಧನ ಬಹುಪಾಲು ಖಾಲಿಯಾಗಿರುತ್ತದೆ. ಓಟ ಎನ್ನುವುದು ದೇಹಕ್ಕೆ ಬರೆದ ಅರ್ಜಿ ಮಾತ್ರ. ಮಂಜೂರಾತಿ ಸಿಗುವುದು ಆಮೇಲೆ, ನಾವು ಉಂಡು ಮಲಗಿದಾಗ. ಹಾನಿಯಾದ ಜಾಗವನ್ನು ದೇಹ ಸರಿಪಡಿಸುತ್ತದೆ, ಮುಂದಿನ ಸಲಕ್ಕೆಂದು ಮೊದಲಿಗಿಂತ ತುಸು ಗಟ್ಟಿಯಾಗಿಯೇ ಕಟ್ಟುತ್ತದೆ. ಕಠಿಣ ವ್ಯಾಯಾಮದ ನಂತರ ಸ್ನಾಯುಗಳಲ್ಲಿ ಹೊಸ ಪ್ರೋಟೀನ್ ತಯಾರಿಕೆ 24ರಿಂದ 48 ಗಂಟೆಗಳವರೆಗೆ ಹೆಚ್ಚಿನ ಮಟ್ಟದಲ್ಲಿರುತ್ತದೆ. ಬರಿದಾದ ಇಂಧನದ ಉಗ್ರಾಣ ತುಂಬಲು ಹೆಚ್ಚುಕಡಿಮೆ ಒಂದು ದಿನ ಬೇಕು.

ಈ ಕೆಲಸ ಮುಗಿಯುವ ಮೊದಲೇ ಮತ್ತೊಂದು ಕಠಿಣ ಓಟ ಬಂದರೆ? ಅರ್ಧ ಕಟ್ಟಿದ ಗೋಡೆಯ ಮೇಲೆ ಮಾಳಿಗೆ ಹೊರಿಸಿದಂತೆ. ಒಂದು ಸಲ ತಡೆದೀತು, ಎರಡು ಸಲ ತಡೆದೀತು.

ನವಲಗುಂದದ ಎರೆಭೂಮಿಯಲ್ಲಿ ಬೇಸಾಯ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆ ಬಿದ್ದ ಮರುದಿನವೇ ಯಾರೂ ಆ ಹೊಲದಲ್ಲಿ ಕುಂಟೆ ಹೂಡುವುದಿಲ್ಲ. ಕಾಲಿಟ್ಟರೆ ಮಣ್ಣು ಮೆತ್ತಿಕೊಂಡು ಕಾಲೇ ಮೇಲೇಳದು. ತೀರ ಒಣಗಿದರೆ ಅದೇ ಮಣ್ಣು ಬಿರುಕು ಬಿಟ್ಟು ಕಲ್ಲಾಗುತ್ತದೆ. ನಡುವೆ ಹದ ಎಂಬುದೊಂದು ಬರುತ್ತದೆ. ಅದಕ್ಕಾಗಿ ಕಾಯುವುದೂ ಬೇಸಾಯದ ಕೆಲಸವೇ. ದೇಹಕ್ಕೂ ಹಾಗೆಯೇ. ಎರಡು ಕಠಿಣ ದಿನಗಳ ನಡುವಿನ ಬಿಡುವು ತರಬೇತಿ ತಪ್ಪಿಸಿದ ದಿನವಲ್ಲ, ತರಬೇತಿ ಮೈಗೆ ಹತ್ತುವ ದಿನ.

ಉಸಿರು ಸಿದ್ಧ, ಮೂಳೆ ಸಿದ್ಧವಿಲ್ಲ

ಹಾಗಿದ್ದರೆ ಗೆಳೆಯನಿಗೆ ಮೊದಲೇ ದಣಿವು ಕಾಣಬೇಕಿತ್ತಲ್ಲ? ಅವನಿಗೆ ಆರನೆಯ ವಾರ ಮೊದಲಿಗಿಂತ ಹಗುರವೆನಿಸುತ್ತಿತ್ತಂತೆ. ಮೋಸವಾಗುವುದು ಇಲ್ಲಿಯೇ.

ದೇಹದ ಎಲ್ಲ ಭಾಗಗಳೂ ಒಂದೇ ವೇಗದಲ್ಲಿ ಗಟ್ಟಿಯಾಗುವುದಿಲ್ಲ. ತರಬೇತಿ ಶುರುವಾದ ಒಂದೆರಡು ವಾರಗಳಲ್ಲೇ ರಕ್ತದ ದ್ರವಾಂಶ ಹೆಚ್ಚುತ್ತದೆ, ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ತಳ್ಳುತ್ತದೆ. ಕೆಲವು ವಾರಗಳಲ್ಲಿ ಸ್ನಾಯುಗಳು ಆಮ್ಲಜನಕವನ್ನು ಹೆಚ್ಚು ಚೆನ್ನಾಗಿ ಬಳಸಲು ಕಲಿಯುತ್ತವೆ. ಆದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು, ಆ ಮೂಳೆ, ಇವೆರಡೂ ಹೊಂದಿಕೊಳ್ಳಲು ತಿಂಗಳುಗಳೇ ಬೇಕು. ಹಳೆಯ ಟ್ರ್ಯಾಕ್ಟರಿಗೆ ದೊಡ್ಡ ಎಂಜಿನ್ ಕೂರಿಸಿ, ಆಕ್ಸಲ್ ಮಾತ್ರ ಹಾಗೆಯೇ ಬಿಟ್ಟಂತೆ. ಎಂಜಿನ್ ಎಳೆಯುತ್ತದೆ, ಮುರಿಯುವುದು ಆಕ್ಸಲ್.

ಮೂಳೆ ಎಂದರೆ ಒಣಗಿದ ಕಟ್ಟಿಗೆಯಲ್ಲ, ಜೀವಂತ ಅಂಗ. ಬೀಳುವ ಹೊರೆಗೆ ತಕ್ಕಂತೆ ಮೂಳೆ ತನ್ನ ರಚನೆಯನ್ನು ಬದಲಿಸಿಕೊಳ್ಳುತ್ತದೆ ಎಂದು ಜರ್ಮನಿಯ ವೈದ್ಯ ಜೂಲಿಯಸ್ ವುಲ್ಫ್ 1892ರಲ್ಲೇ ವಿವರಿಸಿದ್ದರು. ಈ ಬದಲಾವಣೆಗೆ ಒಂದು ಕ್ರಮವಿದೆ. ಮೊದಲು ಒಂದು ಬಗೆಯ ಕೋಶಗಳು ಸವೆದ ಮೂಳೆಯನ್ನು ಕರಗಿಸಿ ತೆಗೆಯುತ್ತವೆ. ಆಮೇಲೆ ಇನ್ನೊಂದು ಬಗೆಯ ಕೋಶಗಳು ಅಲ್ಲಿ ಹೊಸ ಮೂಳೆ ಕಟ್ಟುತ್ತವೆ. ಕೆಡವಲು ಹಿಡಿಯುವುದು ಸುಮಾರು ಮೂರು ವಾರ, ಕಟ್ಟಲು ಸುಮಾರು ಮೂರು ತಿಂಗಳು. ಅಂದರೆ ಹೊಸದಾಗಿ ಹೊರೆ ಹೇರಿದ ಮೂಳೆ ಗಟ್ಟಿಯಾಗುವ ಮೊದಲು ಕೆಲವು ವಾರ ಮೊದಲಿಗಿಂತಲೂ ದುರ್ಬಲವಾಗಿರುತ್ತದೆ. ಉಸಿರು ಹಗುರವಾಗಿ, ಉತ್ಸಾಹ ಏರಿ, "ಇನ್ನೆರಡು ಕಿಲೋಮೀಟರ್ ಓಡೋಣ" ಎನಿಸುವುದೂ ಅದೇ ವಾರಗಳಲ್ಲಿ!

ಓಡುವಾಗ ಪ್ರತಿ ಹೆಜ್ಜೆಗೂ ನೆಲದಿಂದ ಕಾಲಿಗೆ ಬರುವ ಪೆಟ್ಟು ನಮ್ಮ ತೂಕದ ಎರಡು ಮೂರು ಪಟ್ಟು. ಒಂದು ಕಿಲೋಮೀಟರಿಗೆ ಸುಮಾರು ಸಾವಿರ ಹೆಜ್ಜೆ ಎಂದರೂ, 10 ಕಿ.ಮೀ. ಓಟದಲ್ಲಿ ಹತ್ತು ಸಾವಿರ ಪೆಟ್ಟು. ದುರಸ್ತಿ ನಡೆಯುತ್ತಿರುವ ಮೂಳೆಯ ಮೇಲೆ ಇದು ದಿನವೂ ಬಿದ್ದರೆ ಕೂದಲೆಳೆ ಬಿರುಕು ಮೂಡುತ್ತದೆ. ಇದಕ್ಕೆ ಸ್ಟ್ರೆಸ್ ಫ್ರ್ಯಾಕ್ಚರ್ ಎನ್ನುತ್ತಾರೆ.

ಇದನ್ನು ಮೊದಲು ಗುರುತಿಸಿದ್ದು ಕ್ರೀಡಾಪಟುಗಳಲ್ಲಲ್ಲ, ಸೈನಿಕರಲ್ಲಿ. 1855ರಲ್ಲಿ ಪ್ರಶ್ಯದ ಸೇನಾ ವೈದ್ಯ ಬ್ರೈಟ್‌ಹೌಪ್ಟ್, ದೂರದ ನಡಿಗೆಯ ನಂತರ ಸೈನಿಕರ ಪಾದಗಳು ಊದಿ ನೋಯುವುದನ್ನು ದಾಖಲಿಸಿದರು. ಆಗಿನ್ನೂ ಎಕ್ಸ್-ರೇ ಇರಲಿಲ್ಲ. ಒಳಗೆ ಮೂಳೆ ಬಿರುಕು ಬಿಟ್ಟಿದೆ ಎಂದು ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ.

ನಮ್ಮ ಊರುಗಳಿಗೆ ಈ ಮಾತು ಬಹಳ ಹತ್ತಿರದ್ದು. ಟ್ರಯಾಥ್ಲಾನ್ ಮಾಡುವವರು ಇಲ್ಲಿ ಬೆರಳೆಣಿಕೆಯಷ್ಟು. ಆದರೆ ಪೊಲೀಸ್ ಅಥವಾ ಸೇನೆಯ ಭರ್ತಿಗೆಂದು 1600 ಮೀಟರ್ ಓಟ ಅಭ್ಯಾಸ ಮಾಡುವ ಹುಡುಗರು ಬೆಳಗಿನ ಜಾವದ ರಸ್ತೆಗಳಲ್ಲಿ ಎಷ್ಟು ಜನ! ಅಧಿಸೂಚನೆ ಬಂದ ಮೇಲೆ ಎದ್ದು, ಒಂದೂವರೆ ತಿಂಗಳು ದಿನವೂ ಜೀವಬಿಟ್ಟು ಓಡಿ, ಭರ್ತಿಯ ಹೊತ್ತಿಗೆ ಕಾಲು ಹಿಡಿದು ಕೂರುವವರು ಇದ್ದಾರೆ. ಅವರಿಗೆ ತಪ್ಪಿಹೋಗುವುದು ಪದಕವಲ್ಲ, ನೌಕರಿ.

ದೇಹ ಇಟ್ಟಿರುವುದು ಒಂದೇ ಖಾತೆ

ಗೆಳೆಯನ ಡೈರಿಯಲ್ಲಿ ಈಜು, ಸೈಕಲ್, ಓಟಗಳ ಲೆಕ್ಕವೆಲ್ಲ ಇತ್ತು. ಇಲ್ಲದ್ದು ಬೇರೆ. ಅದೇ ಆರು ವಾರಗಳಲ್ಲಿ ಹೆಸರು ಬೆಳೆಗೆ ಔಷಧಿ ಹೊಡೆಯಲು, ನಮ್ಮ ಕಡೆಯ ಮಾತಿನಲ್ಲಿ ಎಣ್ಣಿ ಹೊಡೆಯಲು, 16 ಲೀಟರಿನ ಪಂಪು ಬೆನ್ನಿಗೆ ಹಾಕಿಕೊಂಡು ಎರಡು ದಿನ ಸಾಲು ಸಾಲು ನಡೆದಿದ್ದ. ಮನೆಯಲ್ಲೊಬ್ಬರಿಗೆ ಹುಷಾರಿಲ್ಲದೆ ಮೂರು ರಾತ್ರಿ ನಿದ್ದೆಗೆಟ್ಟಿದ್ದ. ತಿಂಗಳ ಕೊನೆಯ ಕೆಲಸದ ಒತ್ತಡ ಬೇರೆ. ಇವು ಯಾವುವೂ ಅವನ ಪ್ರಕಾರ ತರಬೇತಿಯಲ್ಲ. ದೇಹದ ಪ್ರಕಾರ ಎಲ್ಲವೂ ಖರ್ಚೇ.

ಬೇರೆ ಬೇರೆ ಬಗೆಯ ಒತ್ತಡಗಳಿಗೆ ದೇಹ ಒಂದೇ ತೆರನಾದ ಪ್ರತಿಕ್ರಿಯೆ ತೋರುತ್ತದೆ ಎಂಬ ವಿಚಾರವನ್ನು ಹಾನ್ಸ್ ಸೆಲ್ಯೆ ಎಂಬ ವಿಜ್ಞಾನಿ 1936ರಲ್ಲಿ ಮುಂದಿಟ್ಟರು. ಅವರ ವಿವರಣೆಯ ಎಷ್ಟೋ ಅಂಶಗಳನ್ನು ನಂತರದ ಸಂಶೋಧನೆ ತಿದ್ದಿದೆ. ಆದರೆ ಮೂಲ ಮಾತು ಉಳಿದಿದೆ: ಮೈಯ ದಣಿವು, ಮನಸ್ಸಿನ ಒತ್ತಡ, ನಿದ್ದೆಗೇಡು, ಹಸಿವು ಎಲ್ಲವೂ ಸೇರಿ ಚೇತರಿಕೆಯನ್ನು ನಿಧಾನವಾಗಿಸುತ್ತವೆ.

ಇವುಗಳಲ್ಲಿ ನಿದ್ದೆಯದು ದೊಡ್ಡ ಪಾಲು. ದುರಸ್ತಿಗೆ ನೆರವಾಗುವ ಬೆಳವಣಿಗೆ ಹಾರ್ಮೋನು ಹೆಚ್ಚಾಗಿ ಸ್ರವಿಸುವುದು ಗಾಢ ನಿದ್ದೆಯಲ್ಲಿ. 2014ರಲ್ಲಿ ಪ್ರಕಟವಾದ, ಅಮೆರಿಕದ 112 ಶಾಲಾ ಕ್ರೀಡಾಪಟುಗಳ ಅಧ್ಯಯನದಲ್ಲಿ ಎಂಟು ಗಂಟೆಗಿಂತ ಕಡಿಮೆ ಮಲಗುವವರಿಗೆ ಗಾಯವಾಗುವ ಸಾಧ್ಯತೆ ಉಳಿದವರಿಗಿಂತ 1.7 ಪಟ್ಟು ಹೆಚ್ಚಿತ್ತು. ನಸುಕಿನ ನಾಲ್ಕಕ್ಕೆ ಎದ್ದು ಓಡುವವರು ರಾತ್ರಿ ಹನ್ನೊಂದರವರೆಗೆ ಮೊಬೈಲ್ ನೋಡುತ್ತಿದ್ದರೆ, ಓಟದ ಫಲವನ್ನು ಅಲ್ಲಿ ಕಳೆದುಕೊಳ್ಳುತ್ತಿದ್ದಾರೆ.

ಊಟದ್ದೂ ಇದೇ ಕಥೆ. ಖರ್ಚಿಗೆ ತಕ್ಕಷ್ಟು ಉಣ್ಣದಿದ್ದರೆ ದೇಹ ಮೂಳೆ ಕಟ್ಟುವಂತಹ ಕೆಲಸಗಳಿಗೆ ಮೊದಲು ಕತ್ತರಿ ಹಾಕುತ್ತದೆ. ಹಾರ್ಮೋನುಗಳ ಏರುಪೇರಾಗುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಈ ಸ್ಥಿತಿಗೆ ಪ್ರತ್ಯೇಕ ಹೆಸರಿಟ್ಟು, ಇದು ಗಂಡಸರಿಗೂ ಬರುತ್ತದೆ ಎಂದು ಎಚ್ಚರಿಸಿತು. ಕಠಿಣ ತರಬೇತಿಯಲ್ಲಿರುವ ಹೆಣ್ಣುಮಕ್ಕಳಲ್ಲಿ ಮುಟ್ಟು ನಿಂತರೆ "ಓಡ್ತಾಳಲ್ಲ, ಅದಕ್ಕ" ಎಂದು ಸುಮ್ಮನಾಗಬಾರದು, ವೈದ್ಯರನ್ನು ಕಾಣಬೇಕು.

ಇದಕ್ಕೆ ದುಬಾರಿ ಪುಡಿಗಳೇ ಬೇಕೆಂದಿಲ್ಲ. ಹೀಗೆ ತರಬೇತಿ ಮಾಡುವವರಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 1.2ರಿಂದ 2 ಗ್ರಾಂ ಪ್ರೋಟೀನ್ ಬೇಕು ಎಂಬುದು ತಜ್ಞರ ಸಲಹೆ. 60 ಕಿಲೋ ತೂಗುವವರಿಗೆ ಅದು 72ರಿಂದ 120 ಗ್ರಾಂ. ಜೋಳದ ರೊಟ್ಟಿ ಒಳ್ಳೆಯ ಇಂಧನ. ಅದರ ಜೊತೆ ಹೆಸರುಕಾಳಿನ ಪಲ್ಯ, ಕಡಲೆ, ಶೇಂಗಾ ಹಿಂಡಿ, ಮೊಸರು ಇವೆಲ್ಲ ಧಾರಾಳವಾಗಿ ಇರಲಿ; ತಿನ್ನುವವರು ಮೊಟ್ಟೆ, ಮೀನನ್ನೂ ಸೇರಿಸಿಕೊಳ್ಳಬಹುದು. ಖಾರಕ್ಕೆಂದು ತಟ್ಟೆಯ ಮೂಲೆಗೆ ಹಾಕಿಸಿಕೊಳ್ಳುವ ಒಂದು ಚಮಚ ಹಿಂಡಿಯಿಂದ ಮಾತ್ರ ಈ ಲೆಕ್ಕ ತುಂಬುವುದಿಲ್ಲ.

ಕೇಳಿಬರುವ ಮಾತುಗಳು ಎಷ್ಟು ನಿಜ?

"ಮರುದಿನದ ಮೈಕೈ ನೋವಿಗೆ ಲ್ಯಾಕ್ಟಿಕ್ ಆಸಿಡ್ ಕಾರಣ." ಅಲ್ಲ. ಓಡುವಾಗ ಹೆಚ್ಚಾದ ಲ್ಯಾಕ್ಟೇಟ್ ಓಟ ನಿಂತ ಮೇಲೆ ಒಂದೆರಡು ಗಂಟೆಯೊಳಗೆ ಮೊದಲಿನ ಮಟ್ಟಕ್ಕೆ ಇಳಿಯುತ್ತದೆ. ದೇಹ ಅದನ್ನು ಇಂಧನವಾಗಿಯೂ ಬಳಸಿಕೊಳ್ಳುತ್ತದೆ. ಒಂದರಿಂದ ಮೂರು ದಿನದವರೆಗೆ ಕಾಡುವ ನೋವಿಗೆ ಕಾರಣ ಸ್ನಾಯುವಿನ ಸೂಕ್ಷ್ಮ ಹಾನಿ ಮತ್ತು ಅದರ ದುರಸ್ತಿಯ ಉರಿಯೂತ.

"ಓಡಿದರೆ ಮೊಣಕಾಲು ಸವೆಯುತ್ತದೆ." ಮಿತವಾಗಿ ಓಡುವವರ ವಿಷಯದಲ್ಲಿ ಇದು ನಿಜವಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ನಡೆಸಿದ ವಿಶ್ಲೇಷಣೆಯಲ್ಲಿ ಮೊಣಕಾಲು ಅಥವಾ ಸೊಂಟದ ಕೀಲು ಸವೆತ ಕಂಡದ್ದು ಹವ್ಯಾಸಿ ಓಟಗಾರರಲ್ಲಿ ಶೇ. 3.5ರಷ್ಟು ಜನರಿಗೆ, ಓಡದೆ ಕುಳಿತಿರುವವರಲ್ಲಿ ಶೇ. 10.2ರಷ್ಟು ಜನರಿಗೆ. ಆದರೆ ಉನ್ನತ ಮಟ್ಟದ ಸ್ಪರ್ಧಿಗಳಲ್ಲಿ ಅದು ಶೇ. 13.3. ಓಟವನ್ನು ಬಿಡಬೇಕಿಲ್ಲ, ಅತಿಯನ್ನು ಬಿಟ್ಟರಾಯಿತು.

"ವಾರಕ್ಕೆ ಶೇ. 10ರಷ್ಟು ಮಾತ್ರ ಹೆಚ್ಚಿಸಿದರೆ ಗಾಯವಾಗುವುದಿಲ್ಲ." ಇದು ಓಟಗಾರರ ಬಾಯಲ್ಲಿ ಬಹಳ ಓಡಾಡುವ ಸೂತ್ರ. ನೆದರ್ಲೆಂಡ್ಸ್‌ನಲ್ಲಿ 532 ಹೊಸ ಓಟಗಾರರ ಮೇಲೆ ಇದನ್ನು ಪರೀಕ್ಷಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಶೇ. 10ರ ಸೂತ್ರ ಪಾಲಿಸಿದವರಲ್ಲೂ ಪಾಲಿಸದವರಲ್ಲೂ ಗಾಯಗೊಂಡವರು ಸರಿಸುಮಾರು ಐದರಲ್ಲೊಬ್ಬರು. ವ್ಯತ್ಯಾಸವೇ ಇಲ್ಲ! 2025ರಲ್ಲಿ ಪ್ರಕಟವಾದ, 5,200ಕ್ಕೂ ಹೆಚ್ಚು ಓಟಗಾರರ ಅಧ್ಯಯನ ಇನ್ನೊಂದು ಸುಳಿವು ಕೊಟ್ಟಿತು. ವಾರದ ಒಟ್ಟು ದೂರಕ್ಕಿಂತ ಒಂದೇ ಓಟದ ದೂರ ಮುಖ್ಯ. ಹಿಂದಿನ 30 ದಿನಗಳ ಅತಿ ಉದ್ದದ ಓಟಕ್ಕಿಂತ ಶೇ. 10ಕ್ಕೂ ಹೆಚ್ಚು ದೂರವನ್ನು ಒಂದೇ ಬಾರಿಗೆ ಓಡಿದಾಗ ಗಾಯಗಳು ಹೆಚ್ಚಿದ್ದವು. ವಾರವಿಡೀ ಬಿಟ್ಟು ಭಾನುವಾರ ಒಮ್ಮೆಲೇ ಸಾಲ ತೀರಿಸಲು ಹೋಗುವವರು ಗಮನಿಸಬೇಕಾದ ಮಾತಿದು.

"ಎಷ್ಟು ನೀರು ಕುಡಿದರೆ ಅಷ್ಟು ಒಳ್ಳೆಯದು." ಬೆವರಿಗೆ ತಕ್ಕಷ್ಟು ನೀರು ಬೇಕು, ಮಿತಿ ಮೀರಿದರೆ ರಕ್ತದ ಸೋಡಿಯಂ ತೆಳುವಾಗುತ್ತದೆ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದಾಗ ಶೇ. 13ರಷ್ಟು ಜನರಲ್ಲಿ ಈ ತೊಂದರೆ ಕಂಡಿತು. ತೀವ್ರವಾದರೆ ಇದು ಪ್ರಾಣಕ್ಕೇ ಅಪಾಯ. ಬಾಯಾರಿದಾಗ ಕುಡಿಯಿರಿ. ದೀರ್ಘ ಓಟದಲ್ಲಿ ಬರಿ ನೀರಿನ ಬದಲು ಉಪ್ಪು, ಸಕ್ಕರೆ ಬೆರೆಸಿದ ನಿಂಬೆ ಪಾನಕವೂ ಇರಲಿ.

ಈಜು ಎಲ್ಲಿ ಕಲಿಯಬೇಕು?

ಹಳ್ಳಿಯಲ್ಲಿ ಓಡಲು ರಸ್ತೆಯಿದೆ, ತುಳಿಯಲು ಸೈಕಲ್ ಇದೆ. ಈಜುಕೊಳ ಮಾತ್ರ ಇಲ್ಲ. ಹಾಗಾಗಿ ಕಣ್ಣು ಹೋಗುವುದು ಮಲಪ್ರಭಾ ಕಾಲುವೆಯ ಕಡೆಗೆ, ಇಲ್ಲವೇ ಹೊಲದ ಕೃಷಿಹೊಂಡದ ಕಡೆಗೆ.

ಇವೆರಡೂ ಬೇಡ. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡದ ಇಳಿಜಾರು ಒದ್ದೆಯಾದರೆ ಹಿಡಿತವೇ ಸಿಗದು. ಈಜು ಬಲ್ಲವರೂ ಮೇಲೆ ಹತ್ತಲಾಗದೆ ದಣಿದು ಮುಳುಗುತ್ತಾರೆ. ಕಾಲುವೆಯಲ್ಲಿ ನೀರಿನ ಸೆಳೆತ ಮೇಲಿನಿಂದ ನೋಡಿದರೆ ತಿಳಿಯುವುದಿಲ್ಲ.

ಸುರಕ್ಷಾ ಸಿಬ್ಬಂದಿ ಇರುವ ಸ್ಪರ್ಧೆಗಳಲ್ಲೂ ಈಜೇ ಅತ್ಯಂತ ಅಪಾಯದ ಹಂತ. ಅಮೆರಿಕದಲ್ಲಿ 1985ರಿಂದ 2016ರವರೆಗೆ ಟ್ರಯಾಥ್ಲಾನ್‌ಗಳಲ್ಲಿ ಸಂಭವಿಸಿದ 135 ಸಾವು ಮತ್ತು ಹೃದಯಸ್ತಂಭನಗಳನ್ನು ಸಂಶೋಧಕರು ಪರಿಶೀಲಿಸಿದಾಗ, ಅವುಗಳಲ್ಲಿ 90 ನಡೆದದ್ದು ಈಜಿನಲ್ಲಿ. ಹುಬ್ಬಳ್ಳಿ, ಧಾರವಾಡಗಳಲ್ಲಿ ಈಜುಕೊಳಗಳಿವೆ. ಅಲ್ಲಿ ಕಲಿಸುವವರ ಎದುರಿಗೆ ಕಲಿಯಿರಿ. ಎಷ್ಟೇ ಚೆನ್ನಾಗಿ ಈಜು ಬರಲಿ, ಒಬ್ಬರೇ ನೀರಿಗಿಳಿಯಬೇಡಿ. ನಡುವಯಸ್ಸಿನಲ್ಲಿ ಇಂತಹ ತರಬೇತಿ ಶುರು ಮಾಡುವವರು ಮೊದಲು ಹೃದಯದ ತಪಾಸಣೆ ಮಾಡಿಸಿಕೊಳ್ಳುವುದು ಒಳ್ಳೆಯದು.

ಯಾವ ನೋವಿಗೆ ನಿಲ್ಲಬೇಕು?

ಎರಡೂ ಕಾಲಿನ ಸ್ನಾಯುಗಳಲ್ಲಿ ಹರಡಿಕೊಂಡ, ಎರಡು ಮೂರು ದಿನಕ್ಕೆ ತಾನೇ ಇಳಿಯುವ ನೋವಿಗೆ ಹೆದರಬೇಕಿಲ್ಲ. ಎಚ್ಚರಿಕೆಯ ನೋವು ಬೇರೆ ತೆರನದು. ಮೂಳೆಯ ಮೇಲೆ ಬೆರಳಿಟ್ಟು ತೋರಿಸಬಹುದಾದಂತೆ ಒಂದೇ ಜಾಗದಲ್ಲಿ ಇರುತ್ತದೆ. ಓಡುತ್ತಾ ಹೋದಂತೆ ಕಡಿಮೆಯಾಗುವ ಬದಲು ಹೆಚ್ಚುತ್ತದೆ. ಒಂಟಿಗಾಲಲ್ಲಿ ಕುಪ್ಪಳಿಸಿದರೆ ಚುಚ್ಚುತ್ತದೆ. ರಾತ್ರಿ ಮಲಗಿದಾಗಲೂ ಕಾಡುತ್ತದೆ. ಇವುಗಳಲ್ಲಿ ಯಾವುದೇ ಕಂಡರೂ ಓಟ ನಿಲ್ಲಿಸಿ ಮೂಳೆ ವೈದ್ಯರನ್ನು ಕಾಣಬೇಕು.

ಇನ್ನೊಂದು ಮಾತು. ಕೂದಲೆಳೆ ಬಿರುಕು ಮೊದಲ ಎರಡು ಮೂರು ವಾರಗಳ ಎಕ್ಸ್-ರೇಯಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ. "ಎಕ್ಸ್-ರೇ ಸರಿಯಾಗಿದೆ" ಎಂದು ನೋವಿನ ಮಾತ್ರೆ ನುಂಗಿ ಓಡಬೇಡಿ. ಅನುಮಾನವಿದ್ದರೆ ವೈದ್ಯರು ಎಂಆರ್‌ಐ ಮಾಡಿಸುತ್ತಾರೆ. ಸಣ್ಣದಿರುವಾಗಲೇ ನಿಲ್ಲಿಸಿದರೆ ಹೆಚ್ಚಿನ ಬಿರುಕುಗಳು ಆರರಿಂದ ಎಂಟು ವಾರಗಳ ವಿಶ್ರಾಂತಿಯಲ್ಲಿ ಕೂಡಿಕೊಳ್ಳುತ್ತವೆ. ಮುಂದುವರಿಸಿದರೆ ಅದೇ ಪೂರ್ಣ ಮುರಿತವಾಗಬಹುದು.

ವಿಶ್ರಾಂತಿ ಎಂದರೆ ಹಾಸಿಗೆ ಹಿಡಿಯುವುದೂ ಅಲ್ಲ. ಟ್ರಯಾಥ್ಲಾನ್‌ನ ಲಾಭ ಇರುವುದೇ ಇಲ್ಲಿ. ವೈದ್ಯರು ಒಪ್ಪಿದರೆ, ಕಾಲಿಗೆ ಪೆಟ್ಟು ಬೀಳದ ಈಜಿನಿಂದ, ಆಮೇಲೆ ಸೈಕಲ್ಲಿನಿಂದ ಹೃದಯದ ಕಸುವನ್ನು ಉಳಿಸಿಕೊಳ್ಳಬಹುದು. 1974ರಲ್ಲಿ ಸ್ಯಾನ್ ಡಿಯಾಗೋದ ಓಟಗಾರರು ಬಯಸಿದ್ದೂ ಇಂಥದೇ ಬದಲಾವಣೆಯನ್ನು.

ಹಾಗಾದರೆ ವಾರ ಹೇಗಿರಬೇಕು?

ಎಲ್ಲರಿಗೂ ಒಪ್ಪುವ ಒಂದೇ ವೇಳಾಪಟ್ಟಿ ಇಲ್ಲ. ಆದರೆ ಮೇಲಿನ ಮಾತುಗಳಿಂದ ಹೊರಡುವ ಕೆಲವು ಸೂತ್ರಗಳಿವೆ.

ಮೊದಲನೆಯದು, ಹೆಚ್ಚಿನ ತರಬೇತಿ ಹಗುರವಾಗಿರಲಿ. ವಿಶ್ವದರ್ಜೆಯ ಸಹನಶಕ್ತಿಯ ಕ್ರೀಡಾಪಟುಗಳ ತರಬೇತಿಯನ್ನು ಅಧ್ಯಯನ ಮಾಡಿದ ಸ್ಟೀಫನ್ ಸೈಲರ್, ಅವರು ಸುಮಾರು ಶೇ. 80ರಷ್ಟನ್ನು ನಿಧಾನಗತಿಯಲ್ಲೇ ಮಾಡುತ್ತಾರೆ ಎಂದು ಕಂಡುಕೊಂಡರು. ಹಗುರ ಎಂದರೆ ಎಷ್ಟು? ಪಕ್ಕದವರ ಜೊತೆ ಪೂರ್ತಿ ವಾಕ್ಯಗಳಲ್ಲಿ ಮಾತಾಡುತ್ತಾ ಓಡಲು ಸಾಧ್ಯವಾಗುವಷ್ಟು.

ಎರಡನೆಯದು, ವಾರಕ್ಕೆ ಒಂದು ದಿನ ಪೂರ್ತಿ ಬಿಡುವು, ಮೂರು ನಾಲ್ಕು ವಾರಗಳಿಗೊಮ್ಮೆ ಒಂದು ಹಗುರ ವಾರ.

ಮೂರನೆಯದು, ಹೊಲದ ಕೆಲಸ, ರಾತ್ರಿ ಪಾಳಿ, ಮದುವೆ ಮನೆಯ ಓಡಾಟ ಇವೆಲ್ಲವನ್ನೂ ಡೈರಿಗೆ ಬರೆಯಿರಿ. ಕಡಲೆ ಕೀಳುವ ವಾರದಲ್ಲಿ ಓಟ ಅರ್ಧಕ್ಕಿಳಿದರೆ ನೀವು ಸೋಮಾರಿಯಾದಿರಿ ಎಂದಲ್ಲ. ನಿದ್ದೆಗೆಟ್ಟ ಮರುದಿನ ಕಠಿಣ ಓಟ ಬೇಡ; ಅದನ್ನು ಮುಂದೂಡಿ.

ಕೊನೆಯದು, ತಪ್ಪಿದ ದಿನವನ್ನು ಮರುದಿನ ಸೇರಿಸಿ ಸರಿದೂಗಿಸಲು ಹೋಗಬೇಡಿ.

ಭರ್ತಿಗೆ ತಯಾರಾಗುವ ಹುಡುಗ ಹುಡುಗಿಯರಿಗೆ ನಾವು ಹೇಳುವುದೂ ಇಷ್ಟೇ. ಅಧಿಸೂಚನೆಗೆ ಕಾಯದೆ ನಾಲ್ಕೈದು ತಿಂಗಳು ಮೊದಲೇ, ದಿನ ಬಿಟ್ಟು ದಿನ, ನಿಧಾನವಾಗಿ ಶುರು ಮಾಡಿ. ಮೂಳೆಗೆ ಬೇಕಾದಷ್ಟು ದಿನ ಕೊಟ್ಟರೆ ಮೂಳೆ ಕೈಕೊಡುವುದಿಲ್ಲ.

ನಮ್ಮ ಗೆಳೆಯನಿಗೆ ಆ ವರ್ಷ ಗೋವಾ ತಪ್ಪಿತು. ಎಂಟು ವಾರ ಅವನು ಓಡಲಿಲ್ಲ. ವೈದ್ಯರು ಒಪ್ಪಿದ ಮೇಲೆ ಮೊದಲು ಹುಬ್ಬಳ್ಳಿಯ ಕೊಳದಲ್ಲಿ ಈಜಿದ, ನಂತರ ಸೈಕಲ್ ಹತ್ತಿದ, ಕೊನೆಗೆ ಒಂದು ನಿಮಿಷ ಓಟ, ಒಂದು ನಿಮಿಷ ನಡಿಗೆಯಿಂದ ಮತ್ತೆ ಶುರು ಮಾಡಿದ. ಈಗ ಮುಂದಿನ ವರ್ಷದ ತಯಾರಿ ನಡೆದಿದೆ. ಅವನ ಡೈರಿಯಲ್ಲಿ ವಾರದ ಒಂದು ಸಾಲು ಮಾತ್ರ ಸದಾ ಖಾಲಿ. ಅಜ್ಜನ ಎತ್ತುಗಳಿಗೂ ಅವನಿಗೂ ಈಗ ಒಂದೇ ದಿನ ಸೂಟಿ.